ಬಿಸಿ ಪೂರಿ

ಮಗಳು ಸುಮಿತ್ರಾಳ ನಿಶ್ಚಿತಾರ್ಥದ ಊಟವನ್ನು ಹೋಟೆಲಿನಲ್ಲಿ ಇಟ್ಟುಕೊಳ್ಳೋಣವೆಂದದ್ದು ಪುಟ್ಟಲಕ್ಷ್ಮಿಯೇ. ಚೆಂಬೂರಿನ ಪುಟ್ಟ ಮನೆಯಲ್ಲಿ ಅಷ್ಟು ಜನಕ್ಕೆ ಎಲೆ ಹಾಕುವುದೆಲ್ಲಿ ಎಂದು ಎಲ್ಲರಿಗೂ ಹೇಳಿದಳು. ಆ ದಿನವಾದರೂ ಒಲೆಯ ಮುಂದೆ ಬೆವರುತ್ತ ನಿಲ್ಲಲಾರೆ ಎಂಬುದು ಮನಸ್ಸಿನೊಳಗಿದ್ದ ಕಾರಣ.

ಭಾನುವಾರ ಟಿವಿಯ ಪೌರಾಣಿಕ ಧಾರಾವಾಹಿ ಮುಗಿದ ಮೇಲೆ ಎರಡೂ ಕಡೆಯವರು ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿಗೆ ಬಂದು ಸೇರಿದರು. ಮಹಡಿಯ ಫ್ಯಾಮಿಲಿ ರೂಮಿನಲ್ಲಿ ಮೇಜುಗಳನ್ನು ಉದ್ದಕ್ಕೆ ಜೋಡಿಸಿದ್ದರೂ ಅರ್ಧ ಜನಕ್ಕಷ್ಟೇ ಜಾಗವಿತ್ತು.

"ಮೊದಲು ಗಂಡಸರದ್ದಾಗಲಿ, ಹೆಂಗಸರು ಆಮೇಲೆ ನಿಧಾನವಾಗಿ ಕೂರಲಿ," ಎಂದರು ಗಂಡಿನ ದೊಡ್ಡಪ್ಪ ಹಿರಿಯಣ್ಣನವರು. ಅವರ ಹೆಂಡತಿ ದೇವಕ್ಕ ಆಗಲೇ ಗೋಡೆಗೆ ಒರಗಿ ನಿಂತಿದ್ದರು. ಪುಟ್ಟಲಕ್ಷ್ಮಿಯೂ ಅಭ್ಯಾಸಬಲದಿಂದ ಮಾಣಿಯ ಕೈಲಿದ್ದ ಪಲ್ಯದ ಸೌಟಿಗೆ ಕೈಚಾಚಿದಳು.

"ನೀವು ಕೂತ್ಕೊಳ್ಳಿ ಮಾರಾಯ್ರೆ, ಬಡಿಸ್ಲಿಕ್ಕೆ ನಾವಿದ್ದೇವಲ್ಲ," ಎಂದ ಮಾಣಿ.

ಹೌದಲ್ಲ ಎನ್ನಿಸಿತು ಅವಳಿಗೆ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಕೆಳಗಿಂದ ಇನ್ನೆರಡು ಮೇಜು ತರಿಸೋಕಾಗುತ್ತಾ?"

"ಅದಕ್ಕೇನು, ತರುವ."

ಮದುವೆ ಗಂಡು ನಾಣಿ, ಯಾರೂ ಹೇಳುವ ಮೊದಲೇ ಎದ್ದು ಮಾಣಿಯ ಹಿಂದೆ ಇಳಿದುಹೋದ. ಹಿರಿಯಣ್ಣನವರ ಮುಖ ಗಂಟಾಯಿತು.

"ಹೆಣ್ಣಿನ ಕಡೆಯವರು ನಿಂತು ಉಪಚಾರ ಮಾಡೋದು ಪದ್ಧತಿ, ಅಲ್ವೇನಮ್ಮ?"

ಸುಮಿತ್ರಾ ಬಾಯಿ ತೆರೆದಳು. ಪುಟ್ಟಲಕ್ಷ್ಮಿ ಕಣ್ಣಿನಲ್ಲೇ ಅವಳನ್ನು ತಡೆದು, ಒಂದು ಕುರ್ಚಿ ಎಳೆದು ಹಿರಿಯಣ್ಣನವರ ಪಕ್ಕದಲ್ಲೇ ಹಾಕಿಕೊಂಡು ಕೂತಳು.

"ಅಡುಗೆ ಇವರದ್ದು, ಬಡಿಸೋದೂ ಇವರೇ. ನಿಮ್ಮ ಜೊತೆ ಕೂತು ಊಟ ಮಾಡೋದೊಂದೇ ನನ್ನಿಂದಾಗೋ ಉಪಚಾರ. ಅದನ್ನ ಚೆನ್ನಾಗೇ ಮಾಡ್ತೀನಿ, ನೋಡ್ತಿರಿ. ದೇವಕ್ಕ, ನೀವೂ ಬನ್ನಿ."

ದೇವಕ್ಕ ಗಂಡನ ಮುಖ ನೋಡಿದರು. ಅಲ್ಲಿ ಅಪ್ಪಣೆಯೇನೂ ಕಾಣಲಿಲ್ಲ. ಆದರೂ ಬಂದು ಕೂತರು. ನಾಣಿ ಮತ್ತು ಮಾಣಿ ಮೇಜು ಹೊತ್ತು ಬರುವಷ್ಟರಲ್ಲಿ ಉಳಿದ ಹೆಂಗಸರೂ ಕುರ್ಚಿ ಎಳೆಯತೊಡಗಿದ್ದರು.

ಪೂರಿ ಬಂತು, ಚೆಂಡಿನ ಹಾಗೆ ಉಬ್ಬಿಕೊಂಡು. ದೇವಕ್ಕ ಬೆರಳಿನಿಂದ ಚುಚ್ಚಿ, ಹಬೆ ತಾಗಿ, "ಅಯ್ಯೋ ಸುಡ್ತು!" ಎಂದು ಹುಡುಗಿಯ ಹಾಗೆ ನಕ್ಕರು. "ಎಷ್ಟು ಪೂರಿ ಕರಿದಿದ್ದೀನೋ ಪುಟ್ಟಲಕ್ಷ್ಮಿ, ನನ್ನ ತಟ್ಟೆಗೆ ಬರೋ ಹೊತ್ತಿಗೆ ಎಲ್ಲಾ ಚಪ್ಪಟೆ. ಉಬ್ಬಿದ್ದು ತಿಂದ ನೆನಪೇ ಇಲ್ಲ."

ಹಿರಿಯಣ್ಣನವರ ಕೈ ತಟ್ಟೆಯಲ್ಲೇ ನಿಂತಿತು. ಸ್ವಲ್ಪ ಹೊತ್ತು ಅವರು ಹೆಂಡತಿಯನ್ನೇ ನೋಡಿದರು. ಆಮೇಲೆ ಮಾಣಿಯನ್ನು ಕರೆದರು. "ಇಲ್ಲಿ ನಮ್ಮನೆಯವರಿಗೆ ಇನ್ನೆರಡು ಹಾಕಪ್ಪ. ಬಿಸಿಯದ್ದೇ ತಾ."

"ನನಗೂ," ಎಂದಳು ಪುಟ್ಟಲಕ್ಷ್ಮಿ, ಒಂದಿಷ್ಟೂ ಸಂಕೋಚವಿಲ್ಲದೆ. ಪಾಯಸ ಬರುವುದರೊಳಗೆ ಅವಳೂ ಹಿರಿಯಣ್ಣನವರೂ ಸೇರಿ ವೈಶಾಖದಲ್ಲೇ ಮದುವೆ ಎಂದು ಗೊತ್ತುಮಾಡಿಯಾಗಿತ್ತು.