ಮೃಗ ಅತ್ತ ಮಾತು

ಟಿವಿ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವ ಅವಳಿಗೆ ಆ ವರ್ಷ ಹೆಸರು ಬಂದದ್ದು ಒಂದು ಮೃಗದಿಂದ. ಕಾಲೇಜು ಹುಡುಗನೊಬ್ಬ ಸಿಟ್ಟು ಬಂದಾಗಲೆಲ್ಲ ಮೃಗವಾಗಿ, ಪ್ರೀತಿಸುವ ಹುಡುಗಿಯನ್ನೇ ಗೋಡೆಗೆ ಅಪ್ಪಳಿಸುತ್ತಾನೆ. ಮನುಷ್ಯನಾದ ಮೇಲೆ ಅವಳ ಕಾಲ ಬಳಿ ಕೂತು ಅಳುತ್ತಾನೆ. ಹರೆಯದವರು ಮುಗಿಬಿದ್ದು ನೋಡುತ್ತಿದ್ದರು. ಅವನು ಗುಡುಗಿದ್ದಕ್ಕಲ್ಲ, ಅತ್ತದ್ದಕ್ಕೆ.

"ಹೊಡೆದ ಕೈ ನನ್ನದಲ್ಲ. ನೀನು ಬಿಟ್ಟುಹೋದ್ರೆ ಆ ಕೈ ಮಾತ್ರ ಉಳಿಯುತ್ತೆ, ನಾನು ಉಳಿಯಲ್ಲ." ಹುಡುಗಿಯರು ಈ ಮಾತನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡರು. "ಎಲ್ಲಿಂದ ತರ್ತೀರಿ ಮೇಡಂ ಇಂಥದ್ದನ್ನ?" ಎಂದು ನಿರ್ದೇಶಕ ಕೇಳಿದಾಗ ಅವಳು ನಕ್ಕು ಮಾತು ಬದಲಿಸಿದ್ದಳು.

ತಂದದ್ದು ಅಕ್ಕನ ಅಡುಗೆಮನೆಯಿಂದ. ಹಿಂದಿನ ವರ್ಷ ಅಕ್ಕ ಬಾಗಿಲು ಮುಂದೆ ಮಾಡಿ, ತೋಳಿನ ಬಾವು ತೋರಿಸಿ, ಹೊಡೆದ ಮೇಲೆ ಭಾವ ಏನೇನು ಹೇಳಿ ಅಳುತ್ತಾರೆಂದು ಹೇಳಿಕೊಂಡಿದ್ದಳು. "ಯಾರ ಹತ್ರಾನೂ ಬಾಯಿಬಿಡಬೇಡ ಕಣೇ." ಅವಳು ಬಾಯಿಬಿಡಲಿಲ್ಲ, ಬರೆದಳು. ಮೊದಲ ಕರಡಿನಲ್ಲಿ ಆ ಮಾತು ಕೇಳಿ ಹುಡುಗಿ ಎದ್ದು ಹೋಗುತ್ತಿದ್ದಳು. "ಹೋದ್ರೆ ಕತೆ ಅಲ್ಲಿಗೇ ಗೋವಿಂದ. ತಬ್ಬಿಕೊಳ್ಳಲಿ ಬಿಡಿ" ಎಂದ ನಿರ್ದೇಶಕ. ಹತ್ತೇ ನಿಮಿಷದಲ್ಲಿ ತಿದ್ದಿಕೊಟ್ಟಳು.

ಒಂದು ಭಾನುವಾರ ಬೆಳಿಗ್ಗೆ ಅಕ್ಕ ಫೋನು ಮಾಡಿ ಕರೆದಳು. ಹೋದರೆ ಭಾವ ಮನೆಯಲ್ಲಿರಲಿಲ್ಲ. ಮಂಚದ ಮೇಲೆ ಸೂಟ್‌ಕೇಸು ತೆರೆದಿತ್ತು. ಅಕ್ಕ ಬಟ್ಟೆ ಇಡುತ್ತಿದ್ದಳು. ಹದಿನಾರರ ಮಗಳು ಅದನ್ನೆತ್ತಿ ಬೀರುವಿಗೆ ವಾಪಸು ತುಂಬುತ್ತಿದ್ದಳು. ಸದಾ ಕುಯ್ಯುತ್ತಲೇ ಇರುತ್ತಾಳೆಂದು ಮನೆಯವರೆಲ್ಲ ಅವಳನ್ನು ಪಿಟೀಲು ಎಂದೇ ಕರೆಯುತ್ತಿದ್ದರು.

"ಚಿಕ್ಕಮ್ಮ, ನೀನಾದ್ರೂ ಹೇಳು! ಅಮ್ಮ ಹೊರಟುಹೋಗ್ತಾಳಂತೆ. ಅಪ್ಪ ನಿನ್ನೆ ಎಷ್ಟು ಅತ್ರು ಗೊತ್ತಾ? ಹೊಡೆದ ಕೈ ನನ್ನದಲ್ಲ ಅಂದ್ರು. ಥೇಟ್ ನಿನ್ನ ಸೀರಿಯಲ್ಲಿನ ಥರಾನೇ. ಅಪ್ಪ ಕೆಟ್ಟೋರಲ್ಲ, ಪ್ರೀತಿಯಿಂದ ನೋಡ್ಕೊಂಡ್ರೆ ಆ ಹುಡುಗನ ಹಾಗೇ ಸರಿಹೋಗ್ತಾರೆ."

ಅವಳಿಗೆ ಅಕ್ಕನ ಮುಖ ನೋಡಲಾಗಲಿಲ್ಲ.

"ಆ ಕಂತು ನೋಡಿದ ದಿನವೇ ಗೊತ್ತಾಯ್ತು" ಎಂದಳು ಅಕ್ಕ, ಟವೆಲು ಮಡಿಸುತ್ತ. "ಹೇಳಿದ್ದನ್ನ ಬರೆದೆ ಅಂತ ಸಿಟ್ಟು ಬಂತು, ನುಂಗಿಕೊಂಡೆ. ಆದ್ರೆ ಆ ಹುಡುಗಿ ತಬ್ಬಿಕೊಂಡ್ಳಲ್ಲ, ಆಗ ನಂದೇ ತಪ್ಪೇನೋ ಅನ್ನಿಸ್ಬಿಡ್ತು. ಏಳು ತಿಂಗಳ ಹಿಂದೇನೇ ಹೊರಟಿದ್ದೆ ಕಣೇ. ಸೂಟ್‌ಕೇಸು ಮತ್ತೆ ಅಟ್ಟಕ್ಕೆ ಹಾಕ್ದೆ."

ಆ ಏಳು ತಿಂಗಳಲ್ಲಿ ತಂಗಿಗೆ ಎರಡು ಪ್ರಶಸ್ತಿ ಬಂದಿದ್ದವು. ಅಕ್ಕನೇ ಫೋನು ಮಾಡಿ ಅಭಿನಂದಿಸಿದ್ದಳು. ಅವಳು ಪಿಟೀಲಿನ ಕಡೆ ತಿರುಗಿದಳು.

"ಪಿಟೀಲು, ಆ ಮಾತು ನಂದಲ್ಲ. ನಿಮ್ಮಪ್ಪಂದು. ನಿಮ್ಮಮ್ಮ ಅಳ್ತಾ ಹೇಳಿದ್ದನ್ನ ಕದ್ದೆ. ಆ ಹುಡುಗಿ ಎದ್ದು ಹೋಗ್ತಿದ್ಳು, ನಾನೇ ತಡೆದು ಕೂರಿಸ್ದೆ. ಕೆಲಸ ಹೋಗ್ಬಾರ್ದು ಅಂತ."

ಪಿಟೀಲು ಕೈಯಲ್ಲಿದ್ದ ಬಟ್ಟೆಯನ್ನು ಮಂಚದ ಮೇಲೆ ಇಟ್ಟಳು. ಆಮೇಲೆ ಮೆಲ್ಲಗೆ, "ಮತ್ತೆ ಅವನು ಸರಿಹೋಗೋದು?" ಎಂದಳು.

"ನಿರ್ದೇಶಕರು ಹೇಳಿದ ದಿನ ಸರಿಹೋಗ್ತಾನೆ."

"ಅಪ್ಪ?"

"ನಾನು ಹದಿನೆಂಟು ವರ್ಷ ಕಾದೆ, ಮಗಳೇ" ಎಂದಳು ಅಕ್ಕ.

ಹುಡುಗಿ ಬೀರುವಿಗೆ ತಲೆಯಾನಿಸಿ ಅತ್ತಳು. ಚಿಕ್ಕಮ್ಮ ಬೆನ್ನಿಗೆ ಕೈಯಿಟ್ಟರೆ ಕೊಡವಿದಳು. "ನಿಂಗೆ ನಾಚಿಕೆ ಆಗ್ಲಿಲ್ವಾ?"

"ಪ್ರಶಸ್ತಿ ಬಂದಾಗ ಆಗ್ಲಿಲ್ಲ. ಈಗ ಆಗ್ತಿದೆ."

ಮಧ್ಯಾಹ್ನದೊಳಗೆ ಅಕ್ಕ, ಮಗಳು ಚಿಕ್ಕಮ್ಮನ ಎರಡು ಕೋಣೆಯ ಮನೆಗೆ ಬಂದರು. ಮರುದಿನ ಅವಳು, ಧಾರಾವಾಹಿಯ ಹುಡುಗಿ ಮೃಗವನ್ನು ಬಿಟ್ಟುಹೋಗುವ ಕಂತು ಬರೆದು ಒಯ್ದಳು. ಓದಿದ ನಿರ್ದೇಶಕ, "ಅವರಿಬ್ರ ಮದುವೆ ಇಟ್ಕೊಂಡಿದೀವಿ ಮೇಡಂ" ಎಂದು ಹಿಂದಕ್ಕೆ ಕೊಟ್ಟ. ಅವಳು ಕೆಲಸ ಬಿಟ್ಟಳು. ಮದುವೆಯನ್ನು ಬೇರೆಯವರು ಬರೆದರು. ಜನ ಅದನ್ನೂ ಮೆಚ್ಚಿದರು.

ಒಂದು ಸಂಜೆ ಪಿಟೀಲಿನ ಗೆಳತಿಯರು 'ಹೊಡೆದ ಕೈ' ಮಾತನ್ನು ಚಿಕ್ಕಮ್ಮನ ಕೈಯಲ್ಲೇ ಬರೆಸಿಕೊಳ್ಳಲೆಂದು ಆಟೋಗ್ರಾಫ್ ಪುಸ್ತಕ ಹಿಡಿದು ಬಾಗಿಲಿಗೆ ಬಂದರು. ಕೋಣೆಯೊಳಗಿದ್ದ ಅವಳಿಗೆ ಹುಡುಗಿಯ ಉತ್ತರ ಕೇಳಿಸಿತು: "ಚಿಕ್ಕಮ್ಮ ಇಲ್ಲ." ಗೆಳತಿಯರ ಹೆಜ್ಜೆ ಮೆಟ್ಟಿಲಿಳಿಯುವವರೆಗೂ ಅವಳು ಅಲುಗಾಡದೆ ಕೂತಿದ್ದಳು.