ನಾಲ್ಕನೇ ಕಂಬದ ಕಾಯಿ

ಕಲ್ಲುಕಂಬ ನಿಲ್ಲಿಸುವುದರಲ್ಲಿ ಕಮಲಾಪುರದ ಗೌಂಡಿ ಕಾಶಿರಾಯನದು ಎತ್ತಿದ ಕೈ. ಅದನ್ನು ಅವನೇ ನಾಲ್ಕು ಮಂದಿಗೆ ಹೇಳಿಕೊಂಡೂ ತಿರುಗುತ್ತಿದ್ದ. ಆದರೆ ಕಲಬುರಗಿಯ ಸಾವಕಾರ ನೀಲಕಂಠಪ್ಪ ತನ್ನ ಹತ್ತಿ ಅಂಗಡಿಯ ಮೇಲೆ ಅಟ್ಟ ಕಟ್ಟಿಸಲು ರೈಲಿನಲ್ಲಿ ತರಿಸಿದ್ದು ಕಲ್ಲನ್ನಲ್ಲ, ನಾಲ್ಕು ಕಬ್ಬಿಣದ ಕೊಳವೆಗಳನ್ನು. ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ಊರಿಗೇ ಹೊಸ ಸಾಮಾನು. ಕಾಶಿರಾಯ ಅವನ್ನು ನಿಲ್ಲಿಸಿ, ಒಳಗೆ ಸಿಮೆಂಟು, ಉಸುಕು, ಜಲ್ಲಿ ಕಲಸಿ ತುಂಬಬೇಕು. ಒಳಗೆ ಪೊಳ್ಳು ಉಳಿದರೆ ಕಂಬ ಭಾರ ತಡೆಯದು.

ಮೂರು ಕಂಬ ತುಂಬಿದವು. ನಾಲ್ಕನೆಯದರ ಹೊತ್ತಿಗೆ ಕಾಶಿರಾಯನಿಗೆ ಮನೆತನದ ಪದ್ಧತಿ ನೆನಪಾಯಿತು. ಕಲ್ಲುಕಂಬ ನಿಲ್ಲಿಸಲು ತೋಡಿದ ಕುಣಿಯಲ್ಲಿ ಖಣದ ಬಟ್ಟೆ ಸುತ್ತಿದ ತೆಂಗಿನಕಾಯಿ ಇಡುತ್ತಿದ್ದರು. ಇಲ್ಲಿ ಕುಣಿ ಆಗಲೇ ಮುಚ್ಚಿತ್ತು.

"ಕೊಳವಿ ಒಳಗ ಬಿಡೂಣ್ರೀ ಅವ್ವಾರ, ತಳಕ್ಕ ಹೋಗಿ ಕೂಡ್ತದ," ಎಂದು ಸಾವಕಾರನ ತಾಯಿ ಶಿವಕಾಂತಮ್ಮನಿಗೆ ಹೇಳಿದ ಜಾಣ ಅವನೇ.

ಮುದುಕಿ ಕಾಯಿಯನ್ನು ಕಣ್ಣಿಗೊತ್ತಿ ಕೊಟ್ಟಳು. ಅವನು ಏಣಿ ಹತ್ತಿ ಬಿಟ್ಟ, ಮೇಲೆ ಕಲಸಿದ ಸಿಮೆಂಟು ಸುರಿದ. ಮೊದಲ ಮೂರು ಕಂಬ ಹನ್ನೆರಡು ಹನ್ನೆರಡು ಬುಟ್ಟಿ ನುಂಗಿದ್ದವು. ಇದು ಏಳಕ್ಕೇ ತುಂಬಿತು. ಖಣ ಬಿಚ್ಚಿಕೊಂಡು ಕಾಯಿ ನಡುವೆಯೇ ಸಿಕ್ಕಿಬಿದ್ದಿದೆ ಎಂದು ಅವನಿಗೆ ಆಗಲೇ ಗೊತ್ತಾಯಿತು. ಆದರೆ ಕೆಳಗೆ ಮುದುಕಿ ಕೈಮುಗಿದು ನಿಂತಿದ್ದಳು. ಪೂಜೆಯ ಕಾಯಿಯನ್ನು ಕೋಲಿನಿಂದ ತಿವಿಯಲು ಕೈ ಬರಲಿಲ್ಲ. ಬಾಯಿ ಮುಚ್ಚಿಕೊಂಡು ಊರಿಗೆ ಹೋದ.

ತಿಂಗಳೊಪ್ಪತ್ತಿನಲ್ಲಿ ಬಡಿಗರು ಕಂಬಗಳ ಮೇಲೆ ಅಟ್ಟ ಹಾಸಿದರು. ಸೋಮವಾರ ಅಟ್ಟಕ್ಕೆ ಹತ್ತಿ ಬಿಗಿದು ತುಂಬಿದ ಅಂಡಿಗೆಗಳನ್ನು ಏರಿಸುತ್ತಾರೆ, ಕೆಳಗೆ ಹತ್ತು ಹೆಂಗಸರು ಹತ್ತಿ ಆರಿಸಲು ಕೂಡುತ್ತಾರೆ ಎಂದು ಬಂಡಿ ಹೊಡೆಯುವ ಭೀಮಶಾ ಸುದ್ದಿ ತಂದ. ಹೇಳಿದರೆ ತನ್ನ ಹೆಸರು ಹೋಗುತ್ತದೆ, ಹೇಳದಿದ್ದರೆ ಅವರ ಜೀವ. ಇದರಲ್ಲಿ ಯೋಚಿಸುವುದೇನಿತ್ತು? ಆದರೂ ಪುಣ್ಯಾತ್ಮ ಎರಡು ದಿನ ಯೋಚಿಸಿದ.

ಸೋಮವಾರ ಅವನು ಓಡುತ್ತ ಬಂದಾಗ ಮೊದಲ ಅಂಡಿಗೆ ಹಮಾಲರ ಹೆಗಲ ಮೇಲಿತ್ತು. ಹೆಂಗಸರು ಕೂತಾಗಿತ್ತು. ಶಿವಕಾಂತಮ್ಮ ಅದೇ ನಾಲ್ಕನೇ ಕಂಬಕ್ಕೆ ಬೆನ್ನು ಕೊಟ್ಟು ಚಾಪೆಯ ಮೇಲಿದ್ದಳು.

"ನಿಂದ್ರಸ್ರಿ ಸಾವಕಾರ್ರ! ಈ ಕಂಬ ಪೊಳ್ಳದ. ಕಾಯಿ ನಡುವ ಸಿಕ್ಕದ. ತಪ್ಪು ನಂದು, ಗೊತ್ತಿದ್ದೂ ಸುಮ್ಮಕಿದ್ದೆ."

ಸುತ್ತಿಗೆಯಿಂದ ಮೂರನೇ ಕಂಬ ಬಡಿದ. ಧಪ್ ಎಂದಿತು. ನಾಲ್ಕನೆಯದು ಠಣ್ ಎಂದಿತು. ಹೆಂಗಸರು ಬುಟ್ಟಿ ಬಿಟ್ಟು ಅಂಗಳಕ್ಕೆ ಓಡಿದರು.

"ಅಂಡಿಗಿ ಇಳಸ್ರಿ," ಎಂದ ನೀಲಕಂಠಪ್ಪ. ಕಾಶಿರಾಯನ ಕಡೆ ತಿರುಗಿ, "ನೀ ಮತ್ತ ಈ ಹೊಸ್ತಿಲಾ ತುಳೀಬ್ಯಾಡ," ಎಂದ.

ಅದಕ್ಕೆ ಕಾಶಿರಾಯ ತಯಾರಾಗಿಯೇ ಬಂದಿದ್ದ. ಮುದುಕಿಯ ಬೈಗುಳಕ್ಕೂ ತಲೆತಗ್ಗಿಸಿ ನಿಂತ. ಅವಳು ಬೈಯಲಿಲ್ಲ. ಬೆರಳ ಉಂಗುರದಿಂದ ಕಂಬವನ್ನು ಮೆಲ್ಲಗೆ ತಟ್ಟಿದಳು.

"ದಿನಾ ಹಿಂಗ ತಟ್ಟಿ ಕೈಮುಗೀತಿದ್ದೆ, ಕಾಶಿರಾಯಾ. ಉಳಿದ ಮೂರು ಸುಮ್ಮಕಿರ್ತಿದ್ವು. ಇದೊಂದು ಓ ಅಂತಿತ್ತು. ಒಳಗ ದೇವ್ರು ಅದಾನ ಅಂತ ತಿಳಕೊಂಡಿದ್ದೆ ನೋಡಪ್ಪಾ."

ಚಾಪೆ ಸುತ್ತಿಕೊಂಡು, ಗೋಡೆ ಹಿಡಿದು, ಅವಳು ಒಳಗೆ ಹೋದಳು.