ಇಬ್ಬರಿಗೂ ಅದೇ ದಮ್ಮು

ಅವ್ವನ ಪಾದಕ್ಕೆ ಅರಿಶಿನ ಹಚ್ಚುತ್ತಿದ್ದ ಪ್ರಮೀಳಾಳ ಕೈ ತಟ್ಟನೆ ನಿಂತಿತು.

"ಪುಣ್ಯವಂತೆ ಕಣವ್ವ ಪುಟ್ಟತಾಯಮ್ಮ, ಮುತ್ತೈದೆಯಾಗೇ ವೋದ್ಲು," ಎಂದಳು ಪಕ್ಕದ ಮನೆಯ ದ್ಯಾವಮ್ಮ. "ಇಬ್ರುಗೂ ಅದೇ ದಮ್ಮು. ಬೀಡಿ ಸೇದಿದ್ ನಿಮ್ಮಪ್ಪ ನಂಜಪ್ಪ ಗಟ್ಟಿಯಾಗವ್ನೆ, ಇವ್ಳು ವೋಗ್ಬುಟ್ಲು."

"ದಮ್ಮಿಂದ ಅಲ್ಲ ದ್ಯಾವಕ್ಕ. ಅವ್ವುಂಗೆ ಹಾರ್ಟು ಕೆಟ್ಟಿತ್ತು. ಶುಗರ್ರೂ ಇತ್ತು."

"ಯಾವ್ದಾದ್ರೇನು ಬುಡು ಮಗ."

ಬೆಳಗಿನಿಂದ ಇದೇ ಆಗಿತ್ತು. ಹೇಳಿ ಹೇಳಿ ಪ್ರಮೀಳಾಗೆ ಸಾಕುಸಾಕಾಗಿತ್ತು.

*

ಪಾಂಡವಪುರದಲ್ಲಿ ರೈಲು ಹತ್ತಿ ಮೈಸೂರಿನ ಡಾಕ್ಟರ ಹತ್ತಿರ ಹೋಗುತ್ತಿದ್ದವನು ಅಪ್ಪ ಒಬ್ಬನೇ. ತನಗೆ ಬರೆದುಕೊಟ್ಟ ಔಷಧಿಯನ್ನೇ ಅಂಗಡಿಯಲ್ಲಿ ಎರಡೆರಡು ಕೊಂಡು ತರುತ್ತಿದ್ದ. ಒಂದೇ ಕಾಯಿಲೆಗೆ ಇಬ್ಬರೇಕೆ ಹೋಗಬೇಕು ಎಂಬುದು ಆ ಮನೆಯ ಲೆಕ್ಕ. ಅವ್ವನಿಗೂ ಅದೇ ಸರಿಯೆನಿಸಿತ್ತು.

"ನಾನು ವೋದ್ರೆ ಡೈರಿಗೆ ಹಾಲು ಹಾಕೋರ್ಯಾರು? ನಿಮ್ಮಪ್ಪನ್ನ ನೋಡುದ್ರೆ ನನ್ನ ನೋಡ್ದಂಗೆ ಅಲ್ವಾ?" ಎನ್ನುತ್ತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿಯೇ ನಿದ್ದೆ ಮಾಡುತ್ತಿದ್ದಳು.

ಕೊನೆಗೆ ಪ್ರಮೀಳಾ ಜಗಳವಾಡಿ ಆಸ್ಪತ್ರೆಗೆ ಎಳೆದುಕೊಂಡು ಹೋದಾಗ, "ಹೃದಯ ಪೂರ್ತಿ ಸೋತಿದೆ. ಇಷ್ಟು ದಿನ ಎಲ್ಲಿದ್ರಿ?" ಎಂದು ಡಾಕ್ಟರು ಅವ್ವನ ಊದಿದ ಕಾಲಿಗೆ ಬೆರಳೊತ್ತಿ, ಬಿದ್ದ ಗುಳಿ ತೋರಿಸಿ ರೇಗಿದರು.

*

ಮಣ್ಣು ಮಾಡಿ ಬಂದವರು ದೀಪ ನೋಡಿ ಹೊರಟರು. ಅಕ್ಕಿಹೆಬ್ಬಾಳಿನಿಂದ ಬಂದಿದ್ದ ಅವ್ವನ ತಂಗಿ ಸಿದ್ದಲಿಂಗಮ್ಮ ಮಾತ್ರ ಜಗಲಿಯ ಮೇಲೆ ಏದುಸಿರು ಬಿಡುತ್ತಾ ಕುಳಿತಿದ್ದಳು. ಅಲ್ಲಿಂದ ಬಾಗಿಲವರೆಗೆ ನಡೆಯುವ ಶಕ್ತಿಯೂ ಇರಲಿಲ್ಲ.

"ನಾಳೆ ನನ್ ಜೊತೆ ಆಸ್ಪತ್ರೆಗೆ ಬಾ ಚಿಕ್ಕವ್ವ."

"ನಂಗೇನಾಗದೆ? ಒಲೆ ಊದಿ ಊದಿ ಬಂದ ದಮ್ಮು. ನಿಮ್ಮವ್ವುಂದೇ."

ಮೂಲೆಯಲ್ಲಿದ್ದ ನಂಜಪ್ಪ ಕಣ್ಣೊರೆಸಿಕೊಂಡು, "ನೀನ್ಯಾಕೆ ಓಡಾಡ್ಬೇಕು ಸಿದ್ದಲಿಂಗಿ? ಸೋಮವಾರ ನಾನೇ ವೋಯ್ತೀನಲ್ಲ, ನಿಂಗೂ ಸೇರ್ಸಿ ಔಸ್ದಿ ತತ್ತೀನಿ," ಎಂದ.

ಅಪ್ಪನ ದನಿಯಲ್ಲಿ ಇದ್ದದ್ದು ನಿಜವಾದ ಅಕ್ಕರೆಯೇ. ಅದೇ ಪ್ರಮೀಳಾಳ ಮೈ ಉರಿಸಿತು. ಅವಳು ಜಗಲಿಯ ಕೆಳಗೆ ಕುಕ್ಕರಗಾಲಲ್ಲಿ ಕುಳಿತು, ಚಿಕ್ಕವ್ವನ ಸೀರೆ ಸರಿಸಿ, ಊದಿಕೊಂಡಿದ್ದ ಕಣಕಾಲಿನ ಮೇಲೆ ಹೆಬ್ಬೆರಳನ್ನು ಬಲವಾಗಿ ಒತ್ತಿದಳು.

"ಏ, ಬುಡೇ!" ಎಂದಳು ಚಿಕ್ಕವ್ವ.

ಪ್ರಮೀಳಾ ಬೆರಳು ತೆಗೆದಳು. "ಬಾಪ್ಪ ಇಲ್ಲಿ. ನೋಡು."

ನಂಜಪ್ಪ ಗೋಡೆ ಹಿಡಿದು ಎದ್ದ, ಎರಡು ಕಡೆ ನಿಂತು ಉಸಿರೆಳೆದುಕೊಂಡು ನಿಧಾನವಾಗಿ ಹತ್ತಿರ ಬಂದು ಬಗ್ಗಿದ. ಹೆಬ್ಬೆರಳು ಒತ್ತಿದ್ದ ಗುಳಿ ಇನ್ನೂ ತುಂಬಿಕೊಂಡಿರಲಿಲ್ಲ.